ರಂದಾ ಮಷೀನಿನ ಬೀಡಿಗೆ (ಎರಕದ ಕಬ್ಬಿಣಕ್ಕೆ) ಜಂಗು ಹಿಡಿಯದಂತೆ ನಾನು ಮಾಡುವುದು

ಜಂಗು, ಅಂದರೆ ತುಕ್ಕು, ಕರಾವಳಿಯವರ ತೊಂದರೆ, ಬಿಸಿಲನಾಡಿನ ನಮಗೇನು ಎಂದು ಗಂಗಾವತಿ ಕಡೆಯ ಬಹಳಷ್ಟು ಬಡಗಿಗಳು ತಿಳಿದಿದ್ದಾರೆ. ಆದರೆ ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾಯಿತೆಂದರೆ ಸುತ್ತಲಿನ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ. ಮಳೆ ಬರದ ದಿನವೂ ಶೆಡ್ಡಿನ ಗಾಳಿ ಹಸಿಯಾಗಿಯೇ ಇರುತ್ತದೆ. ಹಲಗೆ ಹೆರೆದು ಸಪಾಟು ಮಾಡುವ ನನ್ನ ರಂದಾ ಮಷೀನು, ಸರ್ಕಲ್ ಗರಗಸದ ಟೇಬಲ್ಲು ಎರಡೂ ಬೀಡಿನವು.

ಬೀಡಿನ ಮೇಲೆ ನೀರು ಬೀಳಬೇಕೆಂದೇನಿಲ್ಲ. ಹೊರಗಿನ ಗಾಳಿ 30 ಡಿಗ್ರಿ, ತೇವಾಂಶ ಶೇ 80 ಇದ್ದಾಗ, 26 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಕಬ್ಬಿಣ ಬೆವರುತ್ತದೆ. ದಪ್ಪ ಬೀಡು ರಾತ್ರಿಯ ತಂಪನ್ನು ಬೇಗ ಬಿಡುವುದಿಲ್ಲ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ನಾನು ಮೊದಲು ಟೇಬಲ್ಲಿನ ಮೇಲೆ ಅಂಗೈ ಎಳೆಯುತ್ತೇನೆ. ಕೈ ಸರಾಗವಾಗಿ ಜಾರದೆ ತಡೆದು ತಡೆದು ಹೋದರೆ ಪಸೆ ಕೂತಿದೆ ಎಂದರ್ಥ. ಒಣ ಬಟ್ಟೆಯಿಂದ ಒರೆಸಿ, ಫ್ಯಾನ್ ಹಚ್ಚಿ, ಬೀಡು ಬೆಚ್ಚಗಾದ ಮೇಲೇ ಕೆಲಸ.

ಇದಕ್ಕಿಂತ ಕೆಟ್ಟದ್ದು ಕಟ್ಟಿಗೆ ಹೊಟ್ಟು. ಅದು ಗಾಳಿಯ ತೇವ ಹೀರಿ ಬೀಡಿಗೆ ಒದ್ದೆ ಬಟ್ಟೆಯಂತೆ ಅಂಟಿಕೊಂಡಿರುತ್ತದೆ. ಜಾಲಿಯ ಹೊಟ್ಟಾದರೆ ಅದರ ಒಗರು ಸೇರಿ ನೀಲಿಗಪ್ಪು ಕಲೆ ಬೀಳುತ್ತದೆ. ಹಸಿ ಬೇವಿನ ಹಲಗೆಯನ್ನು ರಾತ್ರಿ ಟೇಬಲ್ಲಿನ ಮೇಲೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹಲಗೆಯ ಅಚ್ಚೇ ಕೆಂಪಗೆ ಮೂಡಿರುತ್ತದೆ. ಸಂಜೆ ಬ್ರಷ್ ಹೊಡೆಯದೆ ನಾನು ಬೀಗ ಹಾಕುವುದಿಲ್ಲ.

ಜಂಗು ಆಗಲೇ ಬಂದಿದ್ದರೆ ಮೊದಲು ಮಷೀನಿನ ಕರೆಂಟ್ ತೆಗೆಯಬೇಕು. ಜಾಗಕ್ಕೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. 320 ನಂಬರಿನ ವಾಟರ್ ಪೇಪರನ್ನು (ಉಜ್ಜುವ ಕಾಗದ) ಸಪಾಟಾದ ಕಟ್ಟಿಗೆ ತುಂಡಿಗೆ ಸುತ್ತಿ ಟೇಬಲ್ಲಿನ ಉದ್ದಕ್ಕೇ ಉಜ್ಜಿ, ಆಮೇಲೆ 400. ಗ್ರೈಂಡರಿಗೆ ಫ್ಲಾಪ್ ಡಿಸ್ಕ್ (ಉಜ್ಜುವ ಪಟ್ಟಿಗಳ ಚಕ್ರ) ಹಾಕಿ ಉಜ್ಜುವುದನ್ನು ದಯವಿಟ್ಟು ಮಾಡಬೇಡಿ. ಒಂದು ಕಡೆ ಸಣ್ಣ ತಗ್ಗು ಬಿದ್ದರೂ ಹಲಗೆಯ ಅಂಚು ನೇರ ಬರುವುದಿಲ್ಲ, ಜೋಡಣೆಯಲ್ಲಿ ಬೆಳಕು ಕಾಣುತ್ತದೆ. ಕಪ್ಪು ಕಲೆ ಉಳಿದರೆ ಉಳಿಯಲಿ, ಅದರಿಂದ ಕೆಲಸಕ್ಕೆ ತೊಂದರೆಯಿಲ್ಲ. ಕೊನೆಗೆ ಥಿನ್ನರಿನಿಂದ ಒರೆಸಿ ಎಣ್ಣೆಯ ಪಸೆ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಜಂಗು ತಡೆಯಲು ಆಮೇಲೆ ಹಚ್ಚುವ ಮೇಣ ಹಿಡಿಯುವುದಿಲ್ಲ.

ಮೇಣವನ್ನು ನಾನೇ ಮಾಡಿಕೊಳ್ಳುತ್ತೇನೆ. 100 ಗ್ರಾಂ ಜೇನುಮೇಣವನ್ನು ಡಬ್ಬಿಯಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆ ಆರಿಸಿ, ಡಬ್ಬಿಯನ್ನು ಹೊರಗೆ ಒಯ್ದ ಮೇಲಷ್ಟೇ 300 ಮಿಲಿ ಟರ್ಪೆಂಟೈನ್ ಸೇರಿಸಬೇಕು. ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ತಣ್ಣಗಾದಾಗ ಬೆಣ್ಣೆಯಷ್ಟು ಮೆತ್ತಗೆ ಆಗುತ್ತದೆ. ತೆಳ್ಳಗೆ ಸವರಿ, 15 ನಿಮಿಷ ಬಿಟ್ಟು, ಹಳೆಯ ಹತ್ತಿ ಬಟ್ಟೆಯಿಂದ ಹೊಳಪು ಬರುವವರೆಗೆ ತಿಕ್ಕಬೇಕು. ಮರುದಿನ ಇನ್ನೊಂದು ಕೈ. ದಪ್ಪಗೆ ಹಚ್ಚಿದರೆ ಹೊಟ್ಟು ಅಂಟುತ್ತದೆ, ಹಲಗೆ ಸರಿಯುವುದಿಲ್ಲ. ಇಂಜಿನ್ ಆಯಿಲ್ಲು ಮತ್ತು ಗ್ರೀಸು ಸಾಗವಾನಿಗೆ ಕಲೆ ಮಾಡುತ್ತವೆ. ಸಿಲಿಕಾನ್ ಇರುವ ಕಾರ್ ಪಾಲಿಶ್ ಕಟ್ಟಿಗೆಗೆ ತಾಗಿದರೆ ಮುಂದೆ ಪಾಲಿಶ್ ಹೊಡೆದಾಗ ಅಲ್ಲಲ್ಲಿ ಗುಳಿ ಬೀಳುತ್ತದೆ. ಅದನ್ನು ನಾನು ಶೆಡ್ಡಿನೊಳಗೇ ಬಿಡುವುದಿಲ್ಲ.

ಮತ್ತೆ ಯಾವಾಗ ಹಚ್ಚುವುದು? ಟೇಬಲ್ಲಿನ ಮೇಲೆ ಒಂದು ಹನಿ ನೀರು ಬಿಡಿ. ಮುತ್ತಿನಂತೆ ದುಂಡಗೆ ನಿಂತರೆ ಮೇಣ ಇದೆ, ಚಪ್ಪಟೆಯಾಗಿ ಹರಡಿದರೆ ಸವೆದಿದೆ. ಹನಿಯನ್ನು ಆಗಲೇ ಒರೆಸಿಬಿಡಿ. ನನಗೆ ಮಳೆಗಾಲದಲ್ಲಿ ಸುಮಾರು 15 ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಬೇಕಾಗುತ್ತದೆ. ಬೆಲ್ಟು ಓಡುವ ಪುಲ್ಲಿಗೆ ಮಾತ್ರ ಮೇಣವಾಗಲಿ ಎಣ್ಣೆಯಾಗಲಿ ತಾಗಬಾರದು, ಬೆಲ್ಟು ಜಾರುತ್ತದೆ.

ರಾತ್ರಿ ಪ್ಲಾಸ್ಟಿಕ್ ತಾಡಪಾಲು ಹೊದಿಸಿದರೆ ನೆಲದ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನಾನು ದಪ್ಪ ಹತ್ತಿ ಜಮಖಾನ ಹೊದಿಸುತ್ತೇನೆ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. 42 ಡಿಗ್ರಿ ಬಿಸಿಲಿಗೆ ಶೆಡ್ಡಿನಲ್ಲಿ ಕೂಲರ್ ಇಡುತ್ತೇವೆ. ಅದು ಊದುವುದು ನೀರು ತುಂಬಿದ ಗಾಳಿ. ಕೂಲರಿನ ಮುಖ ಮಷೀನಿನ ಕಡೆ ತಿರುಗಿದ್ದರೆ ಮೇ ತಿಂಗಳಲ್ಲೂ ಜಂಗು ಬರುತ್ತದೆ. ಅದನ್ನು ಕೆಲಸಗಾರ ನಿಲ್ಲುವ ಬದಿಗೆ, ಬೀಡಿಗೆ ಬೆನ್ನು ಮಾಡಿ ಇಡಿ. ಎದುರಿನ ಕಿಟಕಿ ತೆರೆದಿರಲಿ.