ಐದನೇ ಬಡಿತ ಯಾರದು ಅಂತ ನಾನು ಹೇಳಲಿಲ್ಲ

ಮೊದಲು ಕಥೆ ಏನು ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಸಿಗುವುದಿಲ್ಲ.

ಗುರು ಗ್ರಹದ ಉಪಗ್ರಹ ಯುರೋಪಾ. ಅದರ ಮಂಜುಗಡ್ಡೆಯೊಳಗೆ ಕೊರೆದು ಮಾಡಿದ ಒಂದು ಸಂಶೋಧನಾ ನೆಲೆ. ಅಲ್ಲಿಂದ ಸುದ್ದಿ ನಿಂತು ನಾಲ್ಕು ವರ್ಷವಾದ ಮೇಲೆ ಒಂದು ತಂಡ ಹುಡುಕಿಕೊಂಡು ಹೋಗುತ್ತದೆ. ಹನ್ನೊಂದು ಹಾಸಿಗೆ ಇವೆ, ಹನ್ನೊಂದು ಜನರಲ್ಲಿ ಒಬ್ಬರೂ ಇಲ್ಲ. ಹೊರಗೆ ಹೋಗಲು ಇರುವುದು ಒಂದೇ ಏರ್‌ಲಾಕ್, ಅಂದರೆ ಒಳಗಿನ ಗಾಳಿ ಸೋರದ ಹಾಗೆ ಒಳಗೊಂದು ಹೊರಗೊಂದು ಬಾಗಿಲಿರುವ ಪುಟ್ಟ ಕೋಣೆ. ಅದರ ಒಳಬಾಗಿಲಿಗೆ ಯಾರೋ ವೆಲ್ಡಿಂಗ್ ಮಾಡಿದ್ದಾರೆ, ಅದೂ ಒಳಗಡೆಯಿಂದ. ಪಕ್ಕದ ಕೊಕ್ಕೆಯಲ್ಲಿ ವೆಲ್ಡಿಂಗ್ ಮುಖವಾಡ ನೀಟಾಗಿ ನೇತಾಡುತ್ತಿದೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಇದನ್ನು ಬರೆದಾಗ ಉತ್ತರ ನನಗೂ ಗೊತ್ತಿರಲಿಲ್ಲ. ಬಾಗಿಲು ಚೆನ್ನಾಗಿತ್ತು, ಸುಮ್ನೆ ಬರೆದೆ. ಆಮೇಲೆ ಮೂರು ವರ್ಷ ಓದಿದವರೆಲ್ಲ ಕೇಳಿದ್ದು ಒಂದೇ: ಅವರೆಲ್ಲ ಎಲ್ಲಿ ಹೋದರು? ಕೇಳಿ ಕೇಳಿ ನಾನೂ ಉಬ್ಬಿದೆ. ಸರಿ, ಹಿಂದಿನ ಕಥೆ, ಅಂದರೆ ಅದಕ್ಕೂ ಮೊದಲು ಅಲ್ಲಿ ನಡೆದದ್ದನ್ನು ಬರೆದೇಬಿಡೋಣ, ಎಲ್ಲ ಹೇಳಿಬಿಡೋಣ ಅಂತ ಕೂತೆ.

ಎಂಟು ತಿಂಗಳು ಹಿಡಿಯಿತು. ಮೊದಲ ಕರಡಿನಲ್ಲಿ ನಾನು ಬಿಟ್ಟಿದ್ದು ಏನೂ ಇಲ್ಲ. ಮಂಜುಗಡ್ಡೆಯ ಕೆಳಗಿನ ಸಮುದ್ರದಲ್ಲಿ ಏನಿದೆ, ಅದು ಹೇಗೆ ಉಸಿರಾಡುತ್ತದೆ, ಎಷ್ಟು ಉದ್ದ ಇದೆ, ಮನುಷ್ಯರ ದನಿಯನ್ನು ಹೇಗೆ ಕಲಿಯುತ್ತದೆ, ಹದಿನಾಲ್ಕು ಪುಟ. ಮೊದಲ ಕಥೆಯಲ್ಲಿ ಬಂದಿದ್ದ ಪ್ರತಿಯೊಂದು ಸಾಮಾನಿಗೂ ಒಂದು ಹಿನ್ನೆಲೆ ಕೊಟ್ಟಿದ್ದೆ. ನಿಂತುಹೋದ ಗಡಿಯಾರ ಹೇಗೆ ನಿಂತಿತು, ಗೋಡೆಯ ಗೀರು ಹೇಗೆ ಬಿತ್ತು, ಮೇಲಧಿಕಾರಿಗೆ ಆ ಅಡ್ಡಹೆಸರು ಯಾಕೆ ಬಂತು. ಆಮೇಲೆ ಲೆಕ್ಕ ಹಾಕಿದರೆ ಇದೆಲ್ಲ ಆಗಿದ್ದು ಮೂರೇ ದಿನದಲ್ಲಿ! ಐವತ್ತು ವರ್ಷ ಬದುಕಿದ ಆ ಮೇಲಧಿಕಾರಿ ಹೆಂಗಸಿಗೆ ಹೇಳಿಕೊಳ್ಳುವಂಥದ್ದೆಲ್ಲ ಆ ಮೂರೇ ದಿನದಲ್ಲಿ ನಡೆದುಹೋಗಿತ್ತು. ಬರೆಯುವಾಗ ಇದು ಕಾಣಲೇ ಇಲ್ಲ. ಪ್ರತಿ ಗಂಟು ಬಿಚ್ಚಿದಾಗಲೂ ಭಾರೀ ಖುಷಿ ಆಗುತ್ತಿತ್ತು.

ಕರಡನ್ನು ಒಬ್ಬ ಗೆಳೆಯನಿಗೆ ಕೊಟ್ಟೆ. ಅವನು ಜಾಣತನ ಮಾಡಿದ. ಹೊಸದನ್ನು ಓದಿ, ತಕ್ಷಣ ಹಳೆಯದನ್ನೂ ಮತ್ತೆ ಓದಿದ. ಫೋನ್ ಮಾಡಿ ಹೇಳಿದ: "ಹೊಸದು ಓದಿಸಿಕೊಂಡು ಹೋಗುತ್ತೆ ಕಣೋ, ತೊಂದರೆ ಇಲ್ಲ. ಆದರೆ ಹಳೇ ಕಥೆಗೆ ವಾಪಸ್ ಹೋದರೆ, ಆ ಬಾಗಿಲು ಬರೀ ಬಾಗಿಲಾಗಿಬಿಟ್ಟಿದೆ."

ಎರಡು ದಿನ ಅವನ ಮೇಲೆ ಸಿಟ್ಟಿತ್ತು. ಮೂರನೇ ದಿನ ನಾನೂ ಹಳೇ ಕಥೆ ತೆಗೆದು ಓದಿದೆ. ಹುಡುಕಲು ಹೋದ ತಂಡ ಬಾಗಿಲ ಮುಂದೆ ಟಾರ್ಚ್ ಹಿಡಿದು ನಿಂತಿದೆ, ನನಗೆ ಆಕಳಿಕೆ ಬರುತ್ತಿದೆ. ಅದರ ಹಿಂದೆ ಏನಿತ್ತು ಅಂತ ಗೊತ್ತಲ್ಲ!

ಸ್ವಲ್ಪ ದಿನ ಬರೆಯುವುದನ್ನು ನಿಲ್ಲಿಸಿ, ಬೇರೆಯವರು ಇದೇ ಹಳ್ಳವನ್ನು ಹೇಗೆ ದಾಟಿದ್ದಾರೆ ಅಂತ ನೋಡಿದೆ. 1979ರ 'ಏಲಿಯನ್' ಸಿನಿಮಾದಲ್ಲಿ ಹಾಳುಬಿದ್ದ ನೌಕೆಯೊಳಗೆ ಒಂದು ದೈತ್ಯ ಪೈಲಟ್ ಕುರ್ಚಿಗೆ ಅಂಟಿಕೊಂಡೇ ಕಲ್ಲಾಗಿ ಕೂತಿರುತ್ತದೆ. ಪಕ್ಕೆಲುಬು ಹೊರಕ್ಕೆ ಬಾಗಿದೆ. ಯಾರದು, ಎಲ್ಲಿಂದ ಬಂತು, ಯಾರೂ ಹೇಳುವುದಿಲ್ಲ. ತೆರೆಯ ಮೇಲೆ ಕೆಲವೇ ನಿಮಿಷ ಇದ್ದರೂ ಚಿತ್ರ ಮುಗಿದ ಮೇಲೆ ಕಾಡುವುದು ಅದೇ. ಅದರ ಹಿಂದಿನ ಕಥೆ ಹೇಳುವ 2012ರ 'ಪ್ರೊಮೀಥಿಯಸ್' ಬಂದು, ಅದು ಅಸ್ಥಿಪಂಜರ ಅಲ್ಲ, ಹಾಕಿಕೊಳ್ಳುವ ಸೂಟು, ಒಳಗಿರುವುದು ಹೆಚ್ಚುಕಡಿಮೆ ನಮ್ಮಂಥದೇ ಮೈ, ಡಿಎನ್‌ಎ ಕೂಡ ನಮ್ಮದಕ್ಕೇ ಹೊಂದುತ್ತದೆ ಅಂತ ಹೇಳಿತು. ನಿರ್ದೇಶಕ ರಿಡ್ಲಿ ಸ್ಕಾಟ್, ಎರಡಕ್ಕೂ ಅವರೇ. ಹಾಗಾಗಿ ಬೇರೆ ಯಾರೋ ಬಂದು ಕೆಡಿಸಿದರು ಅನ್ನುವ ಹಾಗಿಲ್ಲ. ಉತ್ತರ ಕೆಟ್ಟದಾಗಿದೆ ಅಂತಲ್ಲ. ಆದರೆ ನನ್ನ ಕಣ್ಣಿಗೆ ಆ ಕುರ್ಚಿ ಚಿಕ್ಕದಾಯಿತು. 1999ರಲ್ಲಿ 'ಸ್ಟಾರ್ ವಾರ್ಸ್' ಸಿನಿಮಾ ಸರಣಿ ತನ್ನ ಹಿಂದಿನ ಕಥೆಗೆ ಹೋದಾಗ ಆಗಿದ್ದೂ ಇದೇ. ಅಲ್ಲಿಯತನಕ 'ಫೋರ್ಸ್' ಅನ್ನುವ ಅಲ್ಲಿನ ಶಕ್ತಿ ಅಂದರೆ ಏನೋ ಒಂದು, ಕೈಗೆ ಸಿಗದ್ದು. ಈಗ ಒಬ್ಬ ಹುಡುಗನ ರಕ್ತ ಪರೀಕ್ಷೆ ಮಾಡಿ, ಫೋರ್ಸ್ ಜೊತೆ ನಂಟು ಕೊಡುವ ಮಿಡಿ-ಕ್ಲೋರಿಯನ್ ಅನ್ನುವ ಸೂಕ್ಷ್ಮಜೀವಿ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಇದೆ ಅಂತ ವರದಿ ಕೊಟ್ಟರು. ಸಂಖ್ಯೆ ಬಂದ ಮೇಲೆ ಬೆರಗು ಎಲ್ಲಿ ಉಳಿಯುತ್ತೆ?

ಹಾಗಾದರೆ ಏನೂ ಹೇಳಲೇಬಾರದಾ? ಹಾಗೂ ಅಲ್ಲ. ಅದೇ 'ಸ್ಟಾರ್ ವಾರ್ಸ್' ಲೋಕದಲ್ಲೇ 2016ರ 'ರೋಗ್ ಒನ್' ಇದೆ. ಗ್ರಹವನ್ನೇ ಒಡೆಯುವಷ್ಟು ದೊಡ್ಡ ಡೆತ್ ಸ್ಟಾರ್ ಅನ್ನುವ ಯುದ್ಧನೆಲೆಗೆ ಒಂದೇ ಹೊಡೆತಕ್ಕೆ ಎಲ್ಲ ಉಡಾಯಿಸುವಂಥ ಸಣ್ಣ ತೂತು ಯಾಕೆ ಬಿಟ್ಟರು ಅಂತ ಜನ 1977ರ ಮೊದಲ ಸಿನಿಮಾದಿಂದ ನಗುತ್ತಿದ್ದರು. ಅದನ್ನು ಕಟ್ಟಿದ ಎಂಜಿನಿಯರೇ ಬೇಕಂತಲೇ ಬಿಟ್ಟಿದ್ದ ಅಂತ ಈ ಸಿನಿಮಾ ಹೇಳಿತು. ಅವನನ್ನು ಬಲವಂತವಾಗಿ ಎಳೆದುಕೊಂಡು ಹೋಗಿರುತ್ತಾರೆ, ಮಗಳು ಎಲ್ಲೋ ಬೆಳೆಯುತ್ತಿರುತ್ತಾಳೆ. ಇದು ಪೂರ್ತಿ ಉತ್ತರ, ಮುಚ್ಚುಮರೆ ಏನಿಲ್ಲ. ಆದರೂ ಹಳೇ ಸಿನಿಮಾ ಮತ್ತೆ ನೋಡಿದರೆ ಆ ತೂತು ಮೊದಲಿಗಿಂತ ಭಾರವಾಗಿ ಕಾಣುತ್ತದೆ.

ನನ್ನ ತಲೆಗೆ ಹೊಳೆದದ್ದು ಇಲ್ಲಿ. ಕುರ್ಚಿಯ ಉತ್ತರ "ಅದು ಏನು" ಅನ್ನುವುದಕ್ಕೆ. ತೂತಿನ ಉತ್ತರ "ಅವನು ಯಾಕೆ ಹಾಗೆ ಮಾಡಿದ" ಅನ್ನುವುದಕ್ಕೆ. ಮೊದಲನೆಯದು ಹೇಳಿದ ತಕ್ಷಣ ಮುಗಿಯುತ್ತದೆ. ಎರಡನೆಯದನ್ನು ಎಷ್ಟು ಹೇಳಿದರೂ ಮುಗಿಯುವುದಿಲ್ಲ, ಮನುಷ್ಯನ ವಿಷಯ ಅಲ್ವಾ.

ಇದೇ ನಿಯಮ ಅಂತ ನಾನು ಹೇಳುವುದಿಲ್ಲ. ನನಗೆ ಕೆಲಸಕ್ಕೆ ಬಂತು, ಅಷ್ಟೇ. ಹಳೇ ಕಥೆಯ ಮೇಲೆ ಪೆನ್ಸಿಲ್ ಹಿಡಿದು ಕೂತು, ಎಲ್ಲೆಲ್ಲಿ ಪ್ರಶ್ನೆ ಬಾಕಿ ಇದೆಯೋ ಅಲ್ಲೆಲ್ಲ ಗುರುತು ಹಾಕಿದೆ. ಇಪ್ಪತ್ಮೂರು ಸಿಕ್ಕಿದವು. ಅದರಲ್ಲಿ ಗಡಿಯಾರ, ಗೀರು, ಅಡ್ಡಹೆಸರು ಥರದ ಚಿಲ್ಲರೆಯೇ ಜಾಸ್ತಿ. ಅವನ್ನೆಲ್ಲ ಮೊದಲು ಕಿತ್ತು ಹಾಕಿದೆ. ಅವಕ್ಕೆ ಉತ್ತರ ಬೇಕು ಅಂತ ಯಾರೂ ಕೇಳಿರಲಿಲ್ಲ, ನಾನೇ ಕೊಡಲು ಹೊರಟಿದ್ದೆ. "ಏನು" ಅನ್ನುವವನ್ನು ಹಾಗೇ ಬಿಟ್ಟೆ. ಕೊನೆಗೆ ಕೈಯಲ್ಲಿ ನಾಲ್ಕೋ ಐದೋ ಉಳಿದವು.

ಅವುಗಳಲ್ಲಿ ಒಂದು ನನಗೇ ಮರೆತುಹೋಗಿತ್ತು. ಹಳೇ ಕಥೆಯಲ್ಲಿ ವೆಲ್ಡಿಂಗ್ ಬಗ್ಗೆ ಒಂದು ಸಾಲು ಇತ್ತು: "ಗೆರೆ ಅರ್ಧದವರೆಗೆ ನೇರ, ಆಮೇಲೆ ಸೊಟ್ಟ." ಯಾಕೆ ಹಾಗೆ ಬರೆದಿದ್ದೆನೋ ದೇವರೇ ಬಲ್ಲ, ಲಯ ಚೆನ್ನಾಗಿದೆ ಅಂತಿರಬೇಕು. ವೆಲ್ಡಿಂಗ್ ಗೊತ್ತಿರುವ ಒಬ್ಬರಿಗೆ ಆ ಸಾಲು ತೋರಿಸಿ, ಇದು ಹೇಗೆ ಆಗಬಹುದು ಅಂತ ಕೇಳಿದೆ. ಅವರು ತುಂಬ ಯೋಚಿಸಲಿಲ್ಲ. "ಕೈ ಬದಲಾಗಿದೆ" ಅಂದರು. ಪಳಗಿದ ಕೈಯಾದರೆ ರಾಡ್ ಒಂದೇ ವೇಗದಲ್ಲಿ ಹೋಗುತ್ತದಂತೆ, ಬೀಡ್, ಅಂದರೆ ಕರಗಿ ಬಿದ್ದ ಲೋಹದ ಗೆರೆ, ಮೀನಿನ ಪೊರೆ ಜೋಡಿಸಿದ ಹಾಗೆ ಸಮನಾಗಿ ಬೀಳುತ್ತದಂತೆ. ಹೊಸಬರ ಕೈಯಾದರೆ ಒಂದು ಕಡೆ ಗುಪ್ಪೆ, ಇನ್ನೊಂದು ಕಡೆ ತೂತು. ಗೆರೆ ನೋಡಿದರೆ ಯಾರು ಮಾಡಿದ್ದು ಅಂತ ಹೇಳಬಹುದು, ಸಹಿ ಇದ್ದ ಹಾಗೆ ಅಂದರು.

ಅವತ್ತು ರಾತ್ರಿಯೇ ಕರಡಿನ ಕೊನೆಯ ಭಾಗವನ್ನು ತೆಗೆದುಹಾಕಿ ಹೊಸದಾಗಿ ಶುರು ಮಾಡಿದೆ. ಬಾಗಿಲಿಗೆ ಬೆಸುಗೆ ಹಾಕಿದವರು ಇಬ್ಬರು. ಅರ್ಧ ಮಾಡಿದ್ದು ನೆಲೆಯ ಮೆಕ್ಯಾನಿಕ್, ಉಳಿದರ್ಧ ವೈದ್ಯೆ. ಆಕೆ ಜನ್ಮದಲ್ಲಿ ವೆಲ್ಡಿಂಗ್ ಮಾಡಿದವಳಲ್ಲ. ಅವನು ಮಧ್ಯದಲ್ಲಿ ಯಾಕೆ ನಿಲ್ಲಿಸಿದ? ಇದಕ್ಕೆ ಉತ್ತರ ಕೊಡಲೇಬೇಕು ಅಂತ ತೀರ್ಮಾನ ಮಾಡಿದೆ, ಕೊಟ್ಟೆ.

ನೆಲೆಯಲ್ಲಿ ಒಂದು ಪದ್ಧತಿ ಇರುತ್ತದೆ. ಹೊರಗಿನಿಂದ ಬಂದವರು ಏರ್‌ಲಾಕಿನಲ್ಲಿ ನಿಂತು, ಎಷ್ಟು ಜನ ಇದ್ದಾರೋ ಅಷ್ಟು ಸಲ ಒಳಬಾಗಿಲನ್ನು ಬಡಿಯಬೇಕು. ರೇಡಿಯೋ ಕೆಟ್ಟರೂ ಲೋಹದಲ್ಲಿ ಸದ್ದು ಬರುತ್ತದೆ. ನಾಲ್ಕು ಜನ ಹೋಗಿದ್ದಾರೆ. ವಾಪಸ್ ಬಂದಾಗ ಬಡಿತ ಕೇಳುತ್ತದೆ. ಒಂದು, ಎರಡು, ಮೂರು, ನಾಲ್ಕು. ಸ್ವಲ್ಪ ತಡೆದು, ಐದು.

ಒಳಗಿನ ಏಳು ಜನ ಬಾಗಿಲು ತೆರೆಯುವುದಿಲ್ಲ. ಮೆಕ್ಯಾನಿಕ್ ಬೆಸುಗೆ ಶುರು ಮಾಡುತ್ತಾನೆ. ಆಚೆಯಿಂದ ಮತ್ತೆ ಬಡಿತ. ಮೂರನೆಯದು ಯಾವಾಗಲೂ ಎರಡೆರಡು ಸಲ ಬೀಳುವ ಹಾಗೆ ಇರುತ್ತದೆ, ಅದು ಅವನ ತಮ್ಮನ ಬಡಿತ. ಅಲ್ಲಿಗೆ ಅವನ ಕೈ ನಡುಗುತ್ತದೆ. ವೈದ್ಯೆ ಅವನ ಮುಖದಿಂದ ಮುಖವಾಡ ತೆಗೆದು ತಾನು ಹಾಕಿಕೊಳ್ಳುತ್ತಾಳೆ. ಹೊಸ ಕಥೆ ಅಲ್ಲಿಗೆ ಮುಗಿಯುತ್ತದೆ. ಐದನೆಯದು ಯಾರು ಅಥವಾ ಏನು ಅಂತ ಎಲ್ಲೂ ಇಲ್ಲ. ಹದಿನಾಲ್ಕು ಪುಟ ಹೋಯಿತು. ಉಸಿರಾಟದ ವಿವರ ಕೀಳುವಾಗ ಮಾತ್ರ ಹೊಟ್ಟೆ ಉರಿಯಿತು, ಅದಕ್ಕೆ ಅಷ್ಟು ಓದಿದ್ದೆ.

ಒಂದು ಎಚ್ಚರ ಬೇಕಾಗಿತ್ತು. ಪಾತ್ರಗಳಿಗೆ ಗೊತ್ತಿದ್ದೂ ಓದುಗನಿಗೆ ಮಾತ್ರ ಹೇಳದಿದ್ದರೆ ಅದು ಕಣ್ಣಾಮುಚ್ಚಾಲೆ. ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಬೈಯುತ್ತಾರೆ. ಆ ಕೋಣೆಯಲ್ಲಿ ಇರುವವರಿಗೇ ಗೊತ್ತಾಗಲು ದಾರಿ ಇರಬಾರದು. ಇದಕ್ಕೆ ವಿಜ್ಞಾನವೇ ಸಹಾಯ ಮಾಡಿತು. ಭೂಮಿಯಿಂದ ಗುರುವಿಗೆ ರೇಡಿಯೋ ಸಂದೇಶ ಮುಟ್ಟಲು ಸುಮಾರು 33ರಿಂದ 54 ನಿಮಿಷ, ಎರಡೂ ಗ್ರಹ ಎಲ್ಲೆಲ್ಲಿವೆ ಅನ್ನುವುದರ ಮೇಲೆ ಹೆಚ್ಚುಕಡಿಮೆ. ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯಲು ಕಮ್ಮಿ ಅಂದರೂ ಒಂದು ಗಂಟೆಯ ಮೇಲೆ ಬೇಕು. ಬಾಗಿಲು ಬಡಿಯುತ್ತಿರುವಾಗ ಯಾರನ್ನು ಕೇಳುತ್ತೀರಿ? ಇನ್ನು ಹೇಗೋ ಬೇರೆ ದಾರಿ ಮಾಡಿಕೊಂಡು ಹೊರಗೆ ಹೋಗಿ ಇಣುಕಿ ನೋಡೋಣ ಅಂದರೆ, ಯುರೋಪಾದ ಮೇಲ್ಮೈಯಲ್ಲಿ ದಿನಕ್ಕೆ ಸುಮಾರು 5.4 ಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ವಿಕಿರಣ. ರಕ್ಷಣೆ ಇಲ್ಲದೆ ಒಂದು ದಿನ ನಿಂತರೆ ಬದುಕುವುದು ಕಷ್ಟ. ಮೊದಲ ಕರಡಿನಲ್ಲಿ ಈ ಅಂಕಿಗಳೆಲ್ಲ ಅಲಂಕಾರಕ್ಕೆ ಇದ್ದವು. ಎರಡನೆಯದರಲ್ಲಿ ಅವೇ ಬಾಗಿಲು ಕಾದವು.

ಇನ್ನೊಂದು ಕೆಲಸ ಮಾಡಿದೆ. ನೀರಿನ ಕೆಳಗೆ ಏನಿದೆ, ಏಳು ಜನ ಕೊನೆಗೆ ಎಲ್ಲಿ ಹೋದರು ಅಂತ ಒಂದು ಪುಟ ಬರೆದು ಬೇರೆ ಫೈಲಿನಲ್ಲಿ ಇಟ್ಟುಕೊಂಡೆ. ಬರೆಯುವವನಿಗೇ ಗೊತ್ತಿಲ್ಲದೆ ನಿಗೂಢ ನಿಗೂಢ ಅಂತ ಹೊಗೆ ಬಿಡುವುದು ಮೋಸ ಅಂತ ನನ್ನ ಲೆಕ್ಕ. ಮೊದಲ ಕಥೆಯಲ್ಲಿ ನಾನು ಮಾಡಿದ್ದು ಅದೇ ಮೋಸ, ಒಪ್ಪಿಕೊಳ್ಳುತ್ತೇನೆ, ಅದೃಷ್ಟಕ್ಕೆ ಸಿಕ್ಕಿಬೀಳಲಿಲ್ಲ. ಈ ಸಲ ಎಲ್ಲಾದರೂ ಸಂಶಯ ಬಂದರೆ ಆ ಪುಟ ತೆರೆದು ನೋಡುತ್ತಿದ್ದೆ. ಐದನೇ ಬಡಿತದ ಮೊದಲು "ಸ್ವಲ್ಪ ತಡೆದು" ಅಂತ ಬಂದಿದ್ದು ಅದರಿಂದಲೇ.

ಎಲ್ಲರಿಗೂ ಇದು ಇಷ್ಟ ಆಗಲಿಲ್ಲ. ಒಬ್ಬರು ಬರೆದರು: "ಎರಡು ಕಥೆ ಓದಿಸಿದಿರಿ, ಎರಡರಲ್ಲೂ ಅದೇ ಬಾಗಿಲು ತೋರಿಸಿ ಕಳಿಸಿದಿರಿ." ಅವರ ಸಿಟ್ಟು ನ್ಯಾಯವಾದದ್ದೇ. ಹಿಂದಿನ ಕಥೆ ಅಂತ ಹೆಸರಿಟ್ಟು ಮಾರಿದ ಮೇಲೆ ಉತ್ತರ ಸಿಗುತ್ತೆ ಅಂತ ನಂಬಿ ಬರುತ್ತಾರೆ. ಮೆಕ್ಯಾನಿಕ್‌ನ ತಮ್ಮನ ಬಗ್ಗೆ ಇನ್ನೂ ಒಂದೆರಡು ಪುಟ ಬರೆಯಬೇಕಿತ್ತು ಅಂತ ಈಗ ನನಗೂ ಅನಿಸುತ್ತದೆ. ಅಲ್ಲಿ ನಾನು ಮುಚ್ಚಿಟ್ಟಿದ್ದು ರಹಸ್ಯಕ್ಕಲ್ಲ, ಬರೆದು ಸುಸ್ತಾಗಿತ್ತು.

ಹೊಸ ಕರಡನ್ನು ಅದೇ ಗೆಳೆಯನಿಗೆ ಕಳಿಸಿದ್ದೆ. ಈ ಸಲವೂ ಎರಡನ್ನೂ ಹಿಂದುಮುಂದಾಗಿ ಓದಿದ್ದ. ಮಧ್ಯರಾತ್ರಿ ಹತ್ತಿರ ಫೋನ್ ಬಂತು.

"ಮುಖವಾಡ ಯಾರದು?" ಅಂದ.

"ಬರೆದಿದ್ದೀನಲ್ಲೋ, ಕೊನೆಗೆ ವೈದ್ಯೆ ಹಾಕಿಕೊಳ್ಳುತ್ತಾಳೆ."

"ಅದು ಗೊತ್ತು. ಹಳೇ ಕಥೆಯಲ್ಲಿ ಅದು ಕೊಕ್ಕೆಯಲ್ಲಿ ನೀಟಾಗಿ ನೇತಾಡ್ತಾ ಇದೆ. ಬಾಗಿಲ ಆಚೆ ಅಷ್ಟೆಲ್ಲ ಆಗ್ತಿರುವಾಗ, ಅದನ್ನು ತೆಗೆದು ವಾಪಸ್ ಅದರ ಜಾಗದಲ್ಲಿ ಇಟ್ಟಿದ್ದು ಯಾರು?"

ಒಂದು ನಿಮಿಷ ಇರು ಅಂತ ಹೇಳಿ ಆ ಫೈಲ್ ತೆರೆದೆ. ಪುಟವನ್ನು ಎರಡು ಸಲ ಓದಿದೆ. ಅದರಲ್ಲಿ ಇರಲಿಲ್ಲ.