ಲಂಡನ್‌ನಿಂದ ಅಥೆನ್ಸ್‌ಗೆ: ದೂರ ಮತ್ತು ಹಾರಾಟದ ಅವಧಿಯನ್ನು ಲೆಕ್ಕ ಹಾಕುವ ಕ್ರಮ

ಲಂಡನ್‌ನಿಂದ ಬೆಳಿಗ್ಗೆ 10 ಗಂಟೆಗೆ ಹೊರಟು ಅಥೆನ್ಸ್‌ಗೆ ಮಧ್ಯಾಹ್ನ 3.40ಕ್ಕೆ ತಲುಪುವುದೆಂದು ಟಿಕೆಟ್‌ನಲ್ಲಿದ್ದರೆ, ಪ್ರಯಾಣ ಐದು ಗಂಟೆ ನಲವತ್ತು ನಿಮಿಷದ್ದೆಂದು ಭಾವಿಸಬಾರದು. ಟಿಕೆಟ್‌ನಲ್ಲಿ ಹೊರಡುವ ಹೊತ್ತನ್ನೂ ತಲುಪುವ ಹೊತ್ತನ್ನೂ ಆಯಾ ಊರಿನ ಗಡಿಯಾರದಂತೆ ನಮೂದಿಸಿರುತ್ತಾರೆ. ಅಥೆನ್ಸ್‌ನ ಗಡಿಯಾರ ಲಂಡನ್ನಿನದಕ್ಕಿಂತ ಎರಡು ಗಂಟೆ ಮುಂದಿರುತ್ತದೆ. ಆ ಎರಡು ಗಂಟೆಗಳನ್ನು ಕಳೆದರೆ ಉಳಿಯುವ ಮೂರು ಗಂಟೆ ನಲವತ್ತು ನಿಮಿಷವೇ ನಿಜವಾದ ಅವಧಿ.

ಈ ಅವಧಿ ಸರಿಯಿದೆಯೇ ಎಂದು ನೋಡಲು ಮೊದಲು ದೂರ ತಿಳಿದಿರಬೇಕು. ಮನೆಯಲ್ಲಿ ಭೂಗೋಳದ ಮಾದರಿಯಿದ್ದರೆ ಎರಡೂ ನಗರಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರವು ಆಲ್ಪ್ಸ್ ಪರ್ವತಗಳನ್ನು ದಾಟಿ ಹೋಗುತ್ತದೆ. ಅದರ ನಟ್ಟನಡುವಿನ ಬಿಂದು ವೆನಿಸ್ ಮತ್ತು ಟ್ರಿಯೆಸ್ಟೆಗಳ ನಡುವೆ, ಏಡ್ರಿಯಾಟಿಕ್ ಸಮುದ್ರದ ಉತ್ತರದ ತುದಿಯಲ್ಲಿ ಬೀಳುತ್ತದೆ. ಭೂಮಿಯ ಕೇಂದ್ರದಿಂದ ನೋಡಿದಾಗ ಈ ಎರಡು ನಗರಗಳ ನಡುವಿನ ಕೋನ ಸುಮಾರು 21.5 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಆಗುವುದರಿಂದ ದೂರವು 2,390 ಕಿ.ಮೀ. ಆಸುಪಾಸಿನಲ್ಲಿದೆ. ರಸ್ತೆಯ ದೂರವನ್ನು ಈ ಲೆಕ್ಕಕ್ಕೆ ತರಬಾರದು, ಏಕೆಂದರೆ ಸಮುದ್ರವನ್ನೂ ಬೆಟ್ಟಗಳನ್ನೂ ಬಳಸಿಕೊಂಡು ಹೋಗುವ ಆ ದಾರಿ ಬಹಳ ಹೆಚ್ಚು ಉದ್ದದ್ದು.

ಇನ್ನು ವೇಗದ ಲೆಕ್ಕ. ಜೆಟ್ ವಿಮಾನವು ಎತ್ತರಕ್ಕೇರಿದ ಮೇಲೆ ಗಂಟೆಗೆ ಸುಮಾರು 820 ಕಿ.ಮೀ. ಸಾಗುತ್ತದೆಂದು ಇಟ್ಟುಕೊಂಡರೆ 2,390 ಕಿ.ಮೀ.ಗೆ ಮೂರು ಗಂಟೆಗಿಂತ ತುಸು ಕಡಿಮೆ ಹಿಡಿಯುತ್ತದೆ. ಏರುವಾಗ ಮತ್ತು ಇಳಿಯುವಾಗ ವೇಗ ತಗ್ಗುವುದಕ್ಕಾಗಿ, ರನ್‌ವೇವರೆಗೆ ಸಾಗಿ ಸರದಿಯಲ್ಲಿ ಕಾಯುವುದಕ್ಕಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸೇರಿಸಿದರೆ ಟಿಕೆಟ್‌ನ ಅವಧಿ ತಾಳೆಯಾಗುತ್ತದೆ.

ಮರಳುವಾಗ ಸಾಮಾನ್ಯವಾಗಿ ನಾಲ್ಕು ಗಂಟೆ ಬೇಕಾಗುತ್ತದೆ. ಯುರೋಪಿನ ಮೇಲೆ ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಾಗುತ್ತದೆ. ಆದರೂ ಸಂಜೆ 5ಕ್ಕೆ ಅಥೆನ್ಸ್ ಬಿಟ್ಟವರು ಲಂಡನ್ನಿನ ಗಡಿಯಾರದಲ್ಲಿ 7ಕ್ಕೇ ಇಳಿದಿರುತ್ತಾರೆ.

ಎರಡೂ ದೇಶಗಳು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಒಂದೇ ಕ್ಷಣದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಲ್ಲವೇ ಹಿಂದಕ್ಕೆ ಬದಲಿಸುವುದರಿಂದ ಈ ಎರಡು ಗಂಟೆಯ ಅಂತರ ವರ್ಷವಿಡೀ ಹಾಗೆಯೇ ಇರುತ್ತದೆ. ಬೆಂಗಳೂರಿನಿಂದ ಲಂಡನ್ ಮೂಲಕ ಹೋಗುವವರು ಮಾತ್ರ ಎಚ್ಚರ ವಹಿಸಬೇಕು: ಭಾರತದಲ್ಲಿ ಗಡಿಯಾರ ಬದಲಾಗುವುದಿಲ್ಲವಾದ್ದರಿಂದ ಲಂಡನ್ನಿನೊಂದಿಗಿನ ನಮ್ಮ ಅಂತರ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ.

ಹಾರಾಟದ ಅವಧಿಯೊಂದನ್ನೇ ನಂಬಿ ಆ ದಿನದ ಕೆಲಸಗಳನ್ನು ಗೊತ್ತುಪಡಿಸಬೇಡಿ. ತಮ್ಮ ನಡುವಿನ ಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿ ಗ್ರೀಸ್ ಇದೆ, ಬ್ರಿಟನ್ ಇಲ್ಲ. ಹಾಗಾಗಿ ಪಾಸ್‌ಪೋರ್ಟ್ ತಪಾಸಣೆಯ ಸಾಲು ತಪ್ಪದು, ಮತ್ತು ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಬ್ರಿಟನ್ನಿನ ವೀಸಾ ಅಲ್ಲಿ ಸಾಲದು. ಮಧ್ಯ ಲಂಡನ್‌ನಿಂದ ಹೀಥ್ರೂ ವಿಮಾನ ನಿಲ್ದಾಣಕ್ಕೆ ಪಿಕಡಿಲಿ ಮಾರ್ಗದ ಮೆಟ್ರೊ ರೈಲಿನಲ್ಲಿ ಒಂದು ಗಂಟೆ, ವಿಮಾನ ನಿಲ್ದಾಣದಲ್ಲಿ ಎರಡು ಗಂಟೆ, ಇಳಿದ ಮೇಲೆ ತಪಾಸಣೆಗೂ ಸಾಮಾನಿಗೂ ಮುಕ್ಕಾಲು ಗಂಟೆ, ಅಲ್ಲಿಂದ ಸಿಂಟಗ್ಮಾ ಚೌಕಕ್ಕೆ ಮೆಟ್ರೊದಲ್ಲಿ ನಲವತ್ತು ನಿಮಿಷ ಎಂದು ಹಿಡಿದರೆ, ಮನೆ ಬಿಟ್ಟು ಅಥೆನ್ಸ್‌ನ ನಡುವೆ ನಿಲ್ಲುವಷ್ಟರಲ್ಲಿ ಎಂಟು ಗಂಟೆಗಳಾಗಿರುತ್ತವೆ.