ಸಕ್ಕರೆಗೆಂದು ಕೊಟ್ಟ ಚಪಾತಿ

ಮಗಳಿಗೆ ಟೈಪ್ 1 ಮಧುಮೇಹ ಪತ್ತೆಯಾದಾಗ ಆರು ವರ್ಷ. ತೀರ್ಥಹಳ್ಳಿಯ ನೆಂಟರಿಷ್ಟರೆಲ್ಲ ಹೇಳಿದ್ದು ಒಂದೇ ಮಾತು: ‘ಅನ್ನ ಬಿಡಿಸು, ಚಪಾತಿ ಕೊಡು.’ ಮೂರು ಹೊತ್ತೂ ಅಕ್ಕಿಯನ್ನೇ ಉಣ್ಣುವ ಮನೆಯಲ್ಲಿ ಅವಳೊಬ್ಬಳಿಗಾಗಿ ಗೋಧಿ ಹಿಟ್ಟು ಕಲಸತೊಡಗಿದೆ.

ಎರಡು ವರ್ಷ ಕಳೆದರೂ ಶಾಲೆಯ ಲಂಗದ ಮಡಿಕೆ ಬಿಚ್ಚಬೇಕಾಗಲಿಲ್ಲ. ಕಬ್ಬಿಣದ ಸಿರಪ್ ಕುಡಿಸಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಹೊಟ್ಟೆನೋವು, ಭೇದಿ ಏನೂ ಇರಲಿಲ್ಲ. ನನ್ನನ್ನು ಕಂಗೆಡಿಸಿದ್ದು ಊಟವಾದ ಮೇಲೂ ಸಕ್ಕರೆ 60ಕ್ಕಿಂತ ಕೆಳಗಿಳಿಯುತ್ತಿದ್ದುದು. ಇನ್ಸುಲಿನ್ ಅಳೆದೇ ಕೊಟ್ಟಿದ್ದೇನೆ, ಎದುರಿಗೆ ಕುಳಿತು ಉಣಿಸಿದ್ದೇನೆ. ಉಂಡದ್ದು ಎಲ್ಲಿಗೆ ಹೋಯಿತು?

ಶಿವಮೊಗ್ಗದ ಮಕ್ಕಳ ವೈದ್ಯರು ರಕ್ತದಲ್ಲಿ ಟಿಟಿಜಿ ಎಂಬ ಪ್ರತಿಕಾಯದ (ಆಂಟಿಬಾಡಿ) ಪರೀಕ್ಷೆ ಬರೆದರು, ಜೊತೆಗೆ ಒಟ್ಟು ಐಜಿಎ. ಐಜಿಎ ಎಂದರೆ ಪ್ರತಿಕಾಯಗಳ ಒಂದು ಬಗೆ, ಈ ಟಿಟಿಜಿಯೂ ಅದೇ ಬಗೆಯದು. ಐಜಿಎಯೇ ಕೊರತೆಯಿದ್ದರೆ ಟಿಟಿಜಿಯನ್ನು ನಂಬುವಂತಿಲ್ಲ. ಟಿಟಿಜಿ ವಿಪರೀತ ಹೆಚ್ಚಿತ್ತು: ಸೀಲಿಯಾಕ್ ಇರಬೇಕೆಂದರು. ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನಾದ ಗ್ಲುಟೆನ್‌ನಿಂದ ಕೆರಳಿದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಸವೆಸುತ್ತದೆ. ಉಂಡದ್ದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಎರಡೂ ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿಗಳು ಬಹುಮಟ್ಟಿಗೆ ಒಂದೇ. ಚಪಾತಿಯೊಂದರಿಂದಲೇ ಕಾಯಿಲೆ ಹುಟ್ಟಲಿಲ್ಲ ಎಂದು ಅವರು ಸಮಾಧಾನ ಹೇಳಿದರು. ಆದರೆ ಅದಕ್ಕೆ ದಿನವೂ ಮೇವು ಹಾಕಿದವಳು ನಾನೇ.

ಅಂದೇ ಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ಅದು ತಪ್ಪಾಯಿತು. ಎಂಡೋಸ್ಕೋಪಿ ಮುಗಿಯುವವರೆಗೆ ಗೋಧಿ ನಿಲ್ಲಿಸಬಾರದು; ಕರುಳು ಚೇತರಿಸಿಕೊಂಡರೆ, ಅದರ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ರೋಗ ಕಾಣದೇ ಹೋಗಬಹುದು. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವ ದಿನದವರೆಗೂ, ಗೊತ್ತಿದ್ದೂ ಗೊತ್ತಿದ್ದೂ ಚಪಾತಿ ಲಟ್ಟಿಸಿದೆ.

ಆಮೇಲಿನದು ನಮ್ಮ ಕಡೆಯವರಿಗೆ ಸುಲಭ. ಕಡುಬು, ತೆಳ್ಳೇವು, ಅಕ್ಕಿರೊಟ್ಟಿ, ಎಲ್ಲವನ್ನೂ ತೂಗಿ, ಅದಕ್ಕೆ ತಕ್ಕ ಇನ್ಸುಲಿನ್. ಹಿಟ್ಟು ಮೆತ್ತಿದ ಹಳೆಯ ಮಣೆ, ಲಟ್ಟಣಿಗೆ ಎರಡನ್ನೂ ಒಲೆಗೆ ಹಾಕಿದೆ. ಅಪ್ಪೆಹುಳಿಗೆ ಒಗ್ಗರಣೆ ಹಾಕುವಾಗ ಒಮ್ಮೆ ಇಂಗಿನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಗೋಧಿ ಹಿಟ್ಟು! ಈಗ ಅಕ್ಕಿಹಿಟ್ಟು ಬೆರೆಸಿದ ಇಂಗು ಹುಡುಕಿ ತರುತ್ತೇನೆ, ಸಿಗದಿದ್ದರೆ ಬೆಳ್ಳುಳ್ಳಿ.

ಕೆಲವು ತಿಂಗಳಲ್ಲಿ ಸಕ್ಕರೆ ಕುಸಿಯುವುದು ನಿಂತಿತು, ಇನ್ಸುಲಿನ್ ಹೆಚ್ಚಿಸಬೇಕಾಯಿತು. ‘ರೋಗ ಬಲಿಯಿತೇ?’ ಎಂದು ಅತ್ತೆ ಹೆದರಿದರು. ಉಂಡದ್ದು ಮೈಗೆ ಹತ್ತುತ್ತಿದೆ ಎಂದು ನಂಬಿಸಲು ಲಂಗದ ಮಡಿಕೆ ಬಿಚ್ಚಿ ತೋರಿಸಿದೆ.

ಇಂಥ ಮಕ್ಕಳಿಗೆ ಥೈರಾಯ್ಡ್‌ನ ಸರದಿಯೂ ಬರಬಹುದೆಂದು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ಈ ಸಲ ಪ್ರತಿಕಾಯಗಳು ಕಂಡಿವೆ, ಆದರೆ ಆ ಗ್ರಂಥಿಯ ಕೆಲಸ ಹೇಗಿದೆಯೆಂದು ತಿಳಿಸುವ ಟಿಎಸ್‌ಎಚ್ ಸರಿಯಾಗಿದೆ. ಸದ್ಯಕ್ಕೆ ಮಾತ್ರೆ ಬೇಡ, ಆಗಾಗ ರಕ್ತ ಕೊಟ್ಟರೆ ಸಾಕು ಎಂದರು. ತಮ್ಮನಿಗೂ ಸೀಲಿಯಾಕ್ ಪರೀಕ್ಷೆ ಮಾಡಿಸಿದೆವು. ಸೂಜಿ ಕಂಡು ಅವನು ಕಿರುಚಿದರೆ, ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಳ್ಳುವ ಅಕ್ಕ ಗೋಡೆಗೊರಗಿ ನಗುತ್ತಿದ್ದಳು.